ಮೂಡುಕೊಣಾಜೆಯ ಕಲ್ಮನೆಗಳು, ಘಟ್ಟದ ಮೇಲಿನ ನಿಲುವುಗಲ್ಲುಗಳು

ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿ ಸುಮಾರು 8 ಕಿಲೋಮೀಟರ್ ಸಾಗಿದರೆ ಮೂಡುಕೊಣಾಜೆ ಸಿಗುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆ ಬೇರೆ, ಈ ಕೊಣಾಜೆ ಬೇರೆ. ಇಲ್ಲಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ಬೃಹತ್ ಶಿಲಾಯುಗದ ಒಂಬತ್ತು ಕಲ್ಮನೆಗಳ ಗುಂಪೊಂದಿದೆ. ಈ ಭಾಗದಲ್ಲಿ ಒಂದೇ ಕಡೆ ಇಷ್ಟು ಕಲ್ಮನೆಗಳು ಸೇರಿರುವುದು ಅಪರೂಪ. ಒಂಬತ್ತರಲ್ಲಿ ಎರಡು ಮಾತ್ರ ಇನ್ನೂ ತಮ್ಮ ರೂಪ ಉಳಿಸಿಕೊಂಡಿವೆ. ಉಳಿದವುಗಳ ಚಪ್ಪಡಿಗಳು ವಾಲಿವೆ, ಮುರಿದಿವೆ, ಮಣ್ಣಿನಲ್ಲಿ ಅರ್ಧ ಹೂತಿವೆ.

1980ರ ದಶಕದಲ್ಲಿ ಈ ನೆಲೆಯನ್ನು ಮೊದಲು ಗುರುತಿಸಿ ಬರೆದವರು ಮೂಡುಬಿದಿರೆಯ ವಿದ್ವಾಂಸ ಪುಂಡಿಕಾಯಿ ಗಣಪಯ್ಯ ಭಟ್ಟರು. ಸಾವಿರ ಕಂಬದ ಬಸದಿಯಿಂದ, ಜೈನ ಅರಸರ ಕಾಲದ ಶಾಸನಗಳಿಂದ ಹೆಸರಾದ ಊರಿನ ಪಕ್ಕದಲ್ಲೇ, ಆ ಬಸದಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಟ್ಟಡಗಳು ಇವೆ ಎಂಬುದು ಆಗ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಬಸದಿಗೆ ಹಗಲಿಡೀ ಜನ ಬರುತ್ತಾರೆ. ಗುಡ್ಡದ ಇಳಿಜಾರಿಗೆ ಬರುವವರು ವಿರಳ.

ಕಲ್ಮನೆಯ ರಚನೆ ನೋಟಕ್ಕೆ ಸರಳ. ನಾಲ್ಕು ದೊಡ್ಡ ಚಪ್ಪಡಿಗಳನ್ನು ಲಂಬವಾಗಿ ನಿಲ್ಲಿಸಿ ಚೌಕಾಕಾರದ ಕೋಣೆ ಮಾಡುತ್ತಾರೆ, ಮೇಲೆ ಐದನೆಯ ಚಪ್ಪಡಿಯನ್ನು ಮುಚ್ಚುಗಲ್ಲಾಗಿ ಇಡುತ್ತಾರೆ. ಆದರೆ ಆ ನಾಲ್ಕು ಕಲ್ಲುಗಳನ್ನು ಜೋಡಿಸಿದ ಕ್ರಮದಲ್ಲಿ ಒಂದು ಜಾಣತನವಿದೆ. ಒಂದೊಂದು ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಚಾಚಿರುತ್ತದೆ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಹೀಗೆ ಒಂದಕ್ಕೊಂದು ಆತುಕೊಂಡು ನಿಂತಾಗ ಮೇಲಿನಿಂದ ನೋಡಿದವರಿಗೆ ಸ್ವಸ್ತಿಕದ ಆಕಾರ ಕಾಣುತ್ತದೆ. ಹೊರಗಿನ ಮಣ್ಣು ಎಷ್ಟೇ ಒತ್ತಿದರೂ ಕಲ್ಲು ಒಳಕ್ಕೆ ಬೀಳುವುದಿಲ್ಲ, ಏಕೆಂದರೆ ಪ್ರತಿ ಕಲ್ಲನ್ನೂ ಮತ್ತೊಂದು ಕಲ್ಲು ತಡೆದು ನಿಲ್ಲಿಸಿರುತ್ತದೆ. ಗಾರೆಯಿಲ್ಲ, ಕಬ್ಬಿಣದ ಕೊಂಡಿಯಿಲ್ಲ. ಸಾಮಾನ್ಯವಾಗಿ ಮೂಡಣ ಚಪ್ಪಡಿಯಲ್ಲಿ ದುಂಡಗೆ ಅಥವಾ ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿ ಒಂದು ಕಿಂಡಿ ಕೊರೆದಿರುತ್ತಾರೆ. ಮುಚ್ಚುಗಲ್ಲನ್ನು ಅಲುಗಿಸದೆ ಒಳಗೆ ವಸ್ತುಗಳನ್ನು ಇಡಲು ಈ ಕಿಂಡಿ ಸಾಕಾಗುತ್ತಿತ್ತು. ಎಷ್ಟೋ ಕಡೆ ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು ದೊರೆತಿರುವುದನ್ನು ನೋಡಿದರೆ, ಕಲ್ಮನೆ ಒಂದು ಸಾವಿಗಾಗಿ ಕಟ್ಟಿ ಮುಚ್ಚಿಬಿಟ್ಟ ಸಮಾಧಿಯಾಗಿರದೆ ಮತ್ತೆ ಮತ್ತೆ ತೆರೆದುಕೊಳ್ಳುತ್ತಿದ್ದ ಮನೆತನದ ಸಮಾಧಿಯಾಗಿತ್ತು ಎಂದು ಊಹಿಸಲು ಅವಕಾಶವಿದೆ.

ಇಂಥ ಒಂದು ಕೋಣೆಗೆ ಬೇಕಾದ ದುಡಿಮೆಯನ್ನು ಲೆಕ್ಕ ಹಾಕಿ ನೋಡಬಹುದು. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಒಂದು ಮುಚ್ಚುಗಲ್ಲಿನ ಘನಗಾತ್ರ ಒಂದು ಘನ ಮೀಟರ್. ಕಗ್ಗಲ್ಲಿನ ಸಾಂದ್ರತೆಯ ಪ್ರಕಾರ ಅದರ ತೂಕ ಸುಮಾರು 2.7 ಟನ್. ಮರದ ಉರುಳುಗಳ ಮೇಲೆ ಒಬ್ಬೊಬ್ಬ ಆಳು ಒಂದೊಂದು ಕ್ವಿಂಟಲ್ ಭಾರ ಎಳೆಯುತ್ತಾನೆ ಎಂದುಕೊಂಡರೂ ಆ ಒಂದೇ ಕಲ್ಲಿಗೆ ಇಪ್ಪತ್ತೇಳು ಜನ ಬೇಕು. ಉಳಿದ ನಾಲ್ಕು ಕಲ್ಲುಗಳಿಗೂ ಇಂಥದೇ ಶ್ರಮ. ಬಂಡೆಯ ಮೈಯಿಂದ ಚಪ್ಪಡಿ ಎಬ್ಬಿಸುವ ಕೆಲಸಕ್ಕೆ ಕಲ್ಲಿನ ಸ್ವಭಾವವೇ ನೆರವಾಗುತ್ತಿತ್ತು. ಬಿಸಿಲು ಮಳೆಗೆ ಸಿಕ್ಕಿದ ಕಣಶಿಲೆಯ ಹಾಸುಬಂಡೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿ ಹಾಕಿ ಕಾಯಿಸಿ, ಬಿರುಕಿಗೆ ಬೆಣೆ ಹೊಡೆದರೆ ಪದರ ಪೂರ್ತಿ ಎದ್ದು ಬರುತ್ತದೆ. ಕಲ್ಮನೆಗಳು ಹೆಚ್ಚಾಗಿ ಹಾಸುಬಂಡೆಯ ಗುಡ್ಡಗಳಲ್ಲೇ ಕಾಣಸಿಗಲು ಇದೂ ಒಂದು ಕಾರಣ. ಇಷ್ಟು ಜನರನ್ನು ಒಟ್ಟುಗೂಡಿಸಿ, ಅವರಿಗೆ ಉಣಲಿಟ್ಟು, ಸತ್ತವರಿಗಾಗಿ ದುಡಿಸಬಲ್ಲ ಸಮಾಜವೊಂದು ಅಂದಿನ ತುಳುನಾಡಿನಲ್ಲಿತ್ತು ಎಂಬುದಕ್ಕೆ ಈ ಕಲ್ಲುಗಳೇ ದಾಖಲೆ. ಅಂಥ ಸಮಾಜಕ್ಕೆ ಮಿಕ್ಕುವಷ್ಟು ಧಾನ್ಯ ಬೆಳೆಯುವುದು ಗೊತ್ತಿತ್ತು, ಕಬ್ಬಿಣವೂ ಗೊತ್ತಿತ್ತು.

2023ರಲ್ಲಿ ಮೂಡುಕೊಣಾಜೆಯ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು. ಶಿರ್ವದ ಮುಲ್ಕಿ ಸುಂದರ್ ರಾಮ್ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಕಲಿಸುತ್ತಿದ್ದ ಪ್ರೊ. ಟಿ. ಮುರುಗೇಶಿ ಅವರ ಶೋಧದಲ್ಲಿ ಇಲ್ಲಿ ಸುಟ್ಟ ಜೇಡಿಮಣ್ಣಿನ ಎಂಟು ವಸ್ತುಗಳು ದೊರಕಿದ್ದವು: ಎರಡು ಗೋವೃಷಭದ ಗೊಂಬೆಗಳು, ಒಂದು ಮಾತೃದೇವತೆ, ಎರಡು ನವಿಲು, ಒಂದು ಕುದುರೆ, ಮಾತೃದೇವತೆಯದೆನ್ನಲಾದ ಒಂದು ಕೈ, ಗುರುತು ಹಿಡಿಯಲಾಗದ ಇನ್ನೊಂದು ವಸ್ತು. ಅವುಗಳ ಜೊತೆ ಮೂಳೆಯ ಮತ್ತು ಕಬ್ಬಿಣದ ಚೂರುಗಳೂ ಇದ್ದವು. ಗೋವೃಷಭಗಳಲ್ಲಿ ಒಂದಕ್ಕೆ ಮನುಷ್ಯನ ಮೈ, ಎತ್ತಿನ ತಲೆ. ಎಲ್ಲವೂ ಕೈಯಲ್ಲೇ ಮಾಡಿದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗೊಂಬೆಗಳು. ಮುರುಗೇಶಿ ಅವರು ನೆಲೆಯ ಕಾಲವನ್ನು ಕ್ರಿ.ಪೂ. 800–700 ಎಂದು ಅಂದಾಜಿಸಿದ್ದಾರೆ.

ಕರಾವಳಿಯ ಮಣ್ಣನ್ನು ಬಲ್ಲವರಿಗೆ ಮೂಳೆಯ ಚೂರುಗಳೇ ಹೆಚ್ಚು ಬೆರಗು ತರುವಂಥವು. ಇಲ್ಲಿನ ಮಳೆ, ಇಲ್ಲಿನ ಕೆಂಪು ಮುರಕಲ್ಲಿನ ಮಣ್ಣಿನ ಹುಳಿಗುಣ ಸೇರಿ ಮೂಳೆಯನ್ನು ಬೇಗ ಕರಗಿಸಿಬಿಡುತ್ತವೆ. ಬಯಲುಸೀಮೆಯ ಸಮಾಧಿಗಳಲ್ಲಿ ಇಡೀ ಅಸ್ಥಿಪಂಜರ ಸಿಗುವುದುಂಟು. ಘಟ್ಟದ ಕೆಳಗೆ ಹೆಚ್ಚಿನ ಕಡೆ ಸಮಾಧಿಯೆಂಬುದಕ್ಕೆ ಮಡಕೆಯ ತುಂಡುಗಳೇ ಸಾಕ್ಷಿ ಹೇಳಬೇಕು. ಹಾಗಾಗಿ ಮೂಡುಕೊಣಾಜೆಯ ಒಂದೊಂದು ಚೂರಿಗೂ ಬೆಲೆಯಿದೆ.

ಈ ಗೊಂಬೆಗಳನ್ನು ಇಂದಿನ ಭೂತಾರಾಧನೆಯ ಮೂಲವನ್ನು ಅರಿಯಲು ನೆರವಾಗುವ ಕುರುಹು ಎಂದು ಮುರುಗೇಶಿ ನೋಡುತ್ತಾರೆ. ಕೇರಳದ ಮಲಂಪುಳದ ಬೃಹತ್ ಶಿಲಾ ನೆಲೆಯಲ್ಲಿ ಸಿಕ್ಕ ಗೋವೃಷಭದ ಜೊತೆಗೂ ಇವನ್ನು ಹೋಲಿಸಿದ್ದಾರೆ. ಆಲೋಚನೆ ಆಕರ್ಷಕವಾದುದೇ. ಮೈಸಂದಾಯ ಭೂತದ ಮುಖ, ಭೂತದ ನೇಮದಲ್ಲಿ ಬರುವ ನಂದಿಗೋಣ, ಕಂಬಳದ ಕೋಣ, ಇವನ್ನೆಲ್ಲ ಕಂಡು ಬೆಳೆದವರಿಗೆ ಮನುಷ್ಯನ ಮೈಮೇಲೆ ಎತ್ತಿನ ತಲೆ ಹೊತ್ತ ಮಣ್ಣಿನ ಗೊಂಬೆ ಅಪರಿಚಿತ ಎನಿಸುವುದಿಲ್ಲ. ಆದರೆ ನಡುವಿನ ಕಾಲದ ಅಂತರ ಎರಡು ಸಾವಿರ ವರ್ಷಕ್ಕೂ ಮಿಗಿಲು. ಆ ಅಂತರವನ್ನು ತುಂಬುವ ಕೊಂಡಿಗಳು ಸಿಗುವವರೆಗೆ ಇದನ್ನು ಊಹೆಯೆಂದೇ ಇಟ್ಟುಕೊಳ್ಳುವುದು ಕ್ಷೇಮ. ಕೊಂಡಿಗಳು ಸಿಗಬೇಕಾದ್ದು ಇಂಥದೇ ನೆಲೆಗಳ ಅಲುಗದ ಮಣ್ಣಿನಲ್ಲಿ. ಯಾವ ಗೊಂಬೆ ಯಾವ ಪದರದಲ್ಲಿತ್ತು, ಮಡಕೆಯ ಒಳಗಿತ್ತೋ ಹೊರಗಿತ್ತೋ, ಕಿಂಡಿಯ ಕಡೆಗಿತ್ತೋ ಮೂಲೆಯಲ್ಲಿತ್ತೋ ಎಂಬುದು ಗೊಂಬೆಯಷ್ಟೇ ಮುಖ್ಯ. ಅಗೆದು ಕಲಕಿದ ಕಲ್ಮನೆಯಲ್ಲಿ ಗೊಂಬೆ ಉಳಿದರೂ ಈ ಪ್ರಶ್ನೆಗಳಿಗೆ ಉತ್ತರ ಉಳಿಯುವುದಿಲ್ಲ.

ದಕ್ಷಿಣ ಭಾರತದ ಇಂಥ ಸಮಾಧಿಗಳ ಅಧ್ಯಯನಕ್ಕೆ ಎರಡು ಶತಮಾನದ ಚರಿತ್ರೆಯಿದೆ. ಮಲಬಾರಿನ ‘ಪಾಂಡು ಕುಳಿ’ಗಳ ಬಗ್ಗೆ ಜೆ. ಬ್ಯಾಬಿಂಗ್ಟನ್ ಬರೆದ ವರದಿ 1823ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ನಡುಭಾಗದಲ್ಲಿ ಅಲ್ಲಿನ ರಾಜನಕೋಳೂರು, ಜೇವರ್ಗಿ, ವಿಭೂತಿಹಳ್ಳಿಗಳ ಕಲ್ಲುಗಳನ್ನು ಅಳೆದು, ಚಿತ್ರ ಬರೆದು, ಕೆಲವನ್ನು ಅಗೆದು ನೋಡಿದ. ಯುರೋಪಿನ ಕೆಲ್ಟಿಕ್ ಜನರೇ ಇಲ್ಲಿಗೂ ಬಂದಿದ್ದಿರಬೇಕು ಎಂಬ ಅವನ ಗುಮಾನಿ ನಿಲ್ಲಲಿಲ್ಲ. ಅವನ ಅಳತೆಗಳು ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತವೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ, ನವಶಿಲಾಯುಗದ ಕಲ್ಲುಕೊಡಲಿಯ ಜನರ ಪದರದ ಮೇಲೆ ಬೃಹತ್ ಶಿಲಾ ಸಂಸ್ಕೃತಿಯ ಪದರ, ಅದರ ಮೇಲೆ ಶಾತವಾಹನ ಕಾಲದ ಪದರ ಎಂಬ ಅನುಕ್ರಮ ಸ್ಪಷ್ಟವಾಯಿತು. ವೀಲರ್ ಈ ಸಮಾಧಿಗಳನ್ನು ಕ್ರಿ.ಪೂ. 200ರಿಂದ ಈಚೆಗೆ ಇಟ್ಟಿದ್ದ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಅಗೆದಾಗ ಸಿಕ್ಕ ಇದ್ದಿಲಿನ ಇಂಗಾಲ-14 ಪರೀಕ್ಷೆ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಆಸುಪಾಸಿಗೆ ಕೊಂಡೊಯ್ದಿತು. ಆಮೇಲೆ ಕಾಲಗಣನೆ ಹಿಂದಕ್ಕೇ ಸರಿಯುತ್ತ ಬಂದಿದೆ.

1975ರಲ್ಲಿ ಎರಡು ಮುಖ್ಯ ಪುಸ್ತಕಗಳು ಹೊರಬಂದವು. ಒಂದು ಧಾರವಾಡದ ಅ. ಸುಂದರ ಅವರು ದಕ್ಷಿಣ ಭಾರತದ ಕೋಣೆ ಸಮಾಧಿಗಳನ್ನು ಕುರಿತು ಬರೆದದ್ದು. ಚಪ್ಪಡಿಗಳ ಜೋಡಣೆ, ಕಿಂಡಿಯ ದಿಕ್ಕು, ಹೊರಸುತ್ತಿನ ಕಲ್ಲುಗಳ ಆಧಾರದ ಮೇಲೆ ಅವರು ಮಾಡಿದ ವಿಂಗಡಣೆ ಕರ್ನಾಟಕದ ಸಂಶೋಧಕರಿಗೆ ಬುನಾದಿಯಾಯಿತು. ಇನ್ನೊಂದು ಕಲ್ಯಾಣಪುರದ ಪಿ. ಗುರುರಾಜ ಭಟ್ಟರು ತುಳುನಾಡಿನ ಇತಿಹಾಸ, ಸಂಸ್ಕೃತಿಗಳನ್ನು ಕುರಿತು ಬರೆದ ಗ್ರಂಥ. ಊರೂರು ಅಲೆದು ದೇವಸ್ಥಾನ, ಮೂರ್ತಿ, ಶಾಸನಗಳ ಜೊತೆಗೆ ಪ್ರಾಗೈತಿಹಾಸಿಕ ಕುರುಹುಗಳನ್ನೂ ಗುರುತು ಹಾಕಿಕೊಂಡ ಭಟ್ಟರ ದುಡಿಮೆ ಇಲ್ಲದಿದ್ದರೆ ತುಳುನಾಡಿನ ಚರಿತ್ರೆ ಆಳುಪ ಅರಸರಿಂದಲೇ ಶುರುವಾಗುತ್ತದೆ ಎಂಬ ಭಾವನೆ ಇನ್ನೂ ಬಹಳ ಕಾಲ ಮುಂದುವರಿಯುತ್ತಿತ್ತು.

ವಿದ್ವಾಂಸರು ಬರುವ ಮೊದಲೇ ಊರವರು ಈ ಕಲ್ಲುಗಳಿಗೆ ಹೆಸರಿಟ್ಟಿದ್ದರು. ಕಲ್ಮನೆ, ಪಾಂಡವರ ಮನೆ, ಮೋರೇರ ಮನೆ, ಮೋರ್ಯರ ಬೆಟ್ಟ; ಕೊಡಗಿನಲ್ಲಿ ಪಾಂಡುಪಾರೆ; ಮಲಬಾರಿನಲ್ಲಿ ಪಾಂಡು ಕುಳಿ. ವನವಾಸದಲ್ಲಿದ್ದ ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿಕೊಂಡ ಮನೆಗಳಿವು ಎಂಬ ಕಥೆ ಕರಾವಳಿಯಿಂದ ಕಲ್ಯಾಣ ಕರ್ನಾಟಕದವರೆಗೆ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಕೇಳಿಬರುತ್ತದೆ. ಗಂಗಾವತಿ, ಸುರಪುರದ ಕಡೆ ಹೇಳುವ ಕಥೆ ಬೇರೆ. ಮೋರೇರು ಮೊಳಕಾಲೆತ್ತರದ ಕುಳ್ಳರು, ಆದರೆ ಬಂಡೆಯನ್ನೇ ಎತ್ತುವ ಬಲಶಾಲಿಗಳು. ಆಕಾಶದಿಂದ ಬೆಂಕಿಯ ಮಳೆ ಸುರಿಯುತ್ತದೆಂದು ತಿಳಿದು ಈ ಕಲ್ಲಿನ ಮನೆಗಳನ್ನು ಕಟ್ಟಿ ಹೊಕ್ಕರು, ಅಲ್ಲೇ ಸತ್ತರು ಎನ್ನುತ್ತದೆ ಅದು. ಚಿಕ್ಕ ಕಿಂಡಿಯೊಳಗೆ ನುಸುಳಬಲ್ಲವರು ಚಿಕ್ಕವರೇ ಇರಬೇಕು, ಇಷ್ಟು ದೊಡ್ಡ ಕಲ್ಲು ಹೊತ್ತವರು ಬಲಶಾಲಿಗಳೇ ಇರಬೇಕು, ಒಳಗೆ ಮೂಳೆಗಳಿವೆಯೆಂದರೆ ಎಲ್ಲರೂ ಒಮ್ಮೆಗೇ ಸತ್ತಿರಬೇಕು. ಕಥೆ ಕಟ್ಟಿದವರು ಕಲ್ಲನ್ನು ಗಮನವಿಟ್ಟು ನೋಡಿಯೇ ಕಟ್ಟಿದ್ದಾರೆ. ಪಾಂಡವರ ಹೆಸರು ಇನ್ನೊಂದು ಉಪಕಾರವನ್ನೂ ಮಾಡಿತು: ದೇವರಂಥವರ ಮನೆಯ ಕಲ್ಲನ್ನು ಕಿತ್ತು ದನದ ಕೊಟ್ಟಿಗೆಗೆ ಹಾಸಲು ಜನ ಅಳುಕಿದರು. ಆ ಅಳುಕೇ ಬಹುಕಾಲ ಈ ನೆಲೆಗಳಿಗೆ ಸಿಕ್ಕ ಒಂದೇ ಕಾವಲು.

ಕಲ್ಮನೆಗಳಿಂದ ಘಟ್ಟ ಹತ್ತಿದರೆ ಇದೇ ಸಂಸ್ಕೃತಿಯ ಬೇರೊಂದು ರೂಪ ಎದುರಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದ ಸುತ್ತಿನ ಮಲೆನಾಡಿನಲ್ಲಿ ನಿಲಸ್ಕಲ್ ಮತ್ತು ಬೈಸೆ ಎಂಬ ಊರುಗಳಿವೆ. ಇಲ್ಲಿ ಕೋಣೆಯಿಲ್ಲ, ಮುಚ್ಚುಗಲ್ಲಿಲ್ಲ. ಆಳೆತ್ತರದ, ಅದಕ್ಕೂ ಎತ್ತರದ ಒರಟು ಚಪ್ಪಡಿಗಳನ್ನು ನೆಲದಲ್ಲಿ ಹೂತು ನೆಟ್ಟಗೆ ನಿಲ್ಲಿಸಿದ್ದಾರೆ. ಕಲ್ಲುಗಳು ಸಾಲಾಗಿಲ್ಲ, ವೃತ್ತದಲ್ಲೂ ಇಲ್ಲ. ಮೊದಲ ನೋಟಕ್ಕೆ ಎಲ್ಲೆಂದರಲ್ಲಿ ಚೆದುರಿದಂತೆ ಕಾಣುತ್ತವೆ. ಕೆಲವು ಬಿದ್ದಿವೆ, ಕೆಲವು ವಾಲಿವೆ. ನಿಲಸ್ಕಲ್ಲಿನ ಮಹತ್ವವನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಅ. ಸುಂದರ ಅವರೂ ಒಬ್ಬರು. ಅದನ್ನು ಅವರು ಕ್ರಿ.ಪೂ. 800ರ ಹೊತ್ತಿನ ಅನನ್ಯ ನೆಲೆಯೆಂದು ಕರೆದರು.

ಮಣಿಪಾಲದ ವಾಸ್ತುಶಿಲ್ಪ ಶಾಲೆಯಲ್ಲಿದ್ದ ಶ್ರೀಕುಮಾರ್ ಮೆನನ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಖಗೋಳ ವಿಜ್ಞಾನಿ ಮಯಂಕ್ ವಾಹಿಯಾ ಮತ್ತು ಕೈಲಾಶ್ ರಾವ್ ಈ ಚೆದುರಿದ ಕಲ್ಲುಗಳಲ್ಲಿ ಏನಾದರೂ ಕ್ರಮವಿದೆಯೇ ಎಂದು ನೋಡಲು ಹೊರಟರು. ನಿಲಸ್ಕಲ್, ಬೈಸೆಗಳ ಜೊತೆ ಆಸುಪಾಸಿನ ಹೆರಗಲ್, ಮುಂಬಾರುಗಳನ್ನೂ ಅಳೆದು ಪ್ರತಿ ಕಲ್ಲಿನ ಸ್ಥಾನವನ್ನು ನಕ್ಷೆಗಿಳಿಸಿದರು. ಅವರ ಪ್ರಬಂಧ 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಚಪ್ಪಡಿಯಾಕಾರದ ನಿಲುವುಗಲ್ಲುಗಳ ಅಗಲದ ಮೈ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಹಬ್ಬಿದೆ. ಒಂದು ಕಲ್ಲಿನ ಬಳಿ ನಿಂತು ಇನ್ನೊಂದು ಕಲ್ಲಿನ ಮೇಲೆ ದೃಷ್ಟಿ ಹಾಯಿಸಿದರೆ ಆ ಗೆರೆ, ಕೆಲವು ಜೋಡಿಗಳಲ್ಲಿ, ವರ್ಷದ ಅತಿ ದೀರ್ಘ ಹಗಲಿನ ಅಥವಾ ಅತಿ ದೀರ್ಘ ಇರುಳಿನ ದಿನ ಸೂರ್ಯ ಹುಟ್ಟುವ ಇಲ್ಲವೇ ಮುಳುಗುವ ಜಾಗಕ್ಕೆ ಹೋಗಿ ಮುಟ್ಟುತ್ತದೆ ಎಂಬುದು ಅದರ ಸಾರ.

ಇದನ್ನು ಅರಿಯಲು ಸೂರ್ಯನ ಚಲನೆಯ ಸಣ್ಣ ಲೆಕ್ಕ ಸಾಕು. ಈ ಅಕ್ಷಾಂಶದಲ್ಲಿ ಜೂನ್ 21ರ ಸುಮಾರಿಗೆ ಸೂರ್ಯ ನೇರ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್ 21ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೆ. ನಡುವಿನ ದಿನಗಳಲ್ಲಿ ಉದಯದ ಜಾಗ ಈ ಎರಡು ಕೊನೆಗಳ ನಡುವೆ ಓಡಾಡುತ್ತದೆ. ಕೊನೆ ಮುಟ್ಟಿದಾಗ ಕೆಲವು ದಿನ ಅಲ್ಲೇ ನಿಂತಂತಿದ್ದು ಹಿಂದಿರುಗುತ್ತದೆ. ಭೂಮಿಯ ಅಕ್ಷದ ಓರೆ ನಿಧಾನವಾಗಿ ಬದಲಾಗುವುದರಿಂದ 2800 ವರ್ಷಗಳ ಹಿಂದೆ ಈ ಕೊನೆಗಳು ತುಸು ಆಚೆಗಿದ್ದವು. ಆದರೆ ಆ ವ್ಯತ್ಯಾಸ ಅರ್ಧ ಡಿಗ್ರಿಗೂ ಕಡಿಮೆ, ಅಂದರೆ ಆಕಾಶದಲ್ಲಿ ಕಾಣುವ ಸೂರ್ಯಬಿಂಬದ ಅಗಲಕ್ಕಿಂತ ಕಡಿಮೆ. ಆದ್ದರಿಂದ ಕಲ್ಲು ನೆಟ್ಟವರು ಕಂಡದ್ದನ್ನು ಇಂದಿಗೂ ಅಲ್ಲೇ ನಿಂತು ಬರಿಗಣ್ಣಿನಲ್ಲಿ ಪರೀಕ್ಷಿಸಬಹುದು. ಪರೀಕ್ಷಿಸುವವರಿಗೆ ಡಿಸೆಂಬರ್ ವಾಸಿ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಹುಲಿಕಲ್ ಇದೇ ತಾಲೂಕಿನಲ್ಲಿದೆ. ಜೂನ್ ಕೊನೆಯ ವಾರ ಅಲ್ಲಿ ಸೂರ್ಯ ಕಾಣುವುದೇ ಅಪರೂಪ. ಜೂನ್ ತಿಂಗಳ ಗೆರೆಗಳನ್ನು ಕುರಿತ ವಾದಕ್ಕೆ ಮಲೆನಾಡಿನ ಮಳೆಗಾಲವೇ ಒಡ್ಡುವ ಗಟ್ಟಿ ಪ್ರಶ್ನೆಯಿದು. ಆ ಕಾಲದ ಮುಂಗಾರು ಹೇಗಿತ್ತು ಎಂಬುದೂ ಈ ಚರ್ಚೆಯೊಳಗೆ ಬರಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇಪ್ಪತ್ತು ಕಲ್ಲುಗಳಿದ್ದರೆ ಅವುಗಳಲ್ಲಿ 190 ಜೋಡಿಗಳನ್ನು ಮಾಡಬಹುದು. ಅಷ್ಟು ಗೆರೆಗಳಲ್ಲಿ ಕೆಲವು ಆಕಸ್ಮಿಕವಾಗಿಯೇ ಸೂರ್ಯೋದಯದ ಜಾಗಕ್ಕೆ ಹೋಗುತ್ತವೆ. ಆಕಸ್ಮಿಕವಾಗಿ ಬರಬಹುದಾದ ಸಂಖ್ಯೆಗಿಂತ ನಿಜವಾದ ಸಂಖ್ಯೆ ಎಷ್ಟು ಹೆಚ್ಚು ಎಂಬುದರ ಮೇಲೆ ವಾದದ ಬಲ ನಿಂತಿದೆ. ಒಂದು ಕಲ್ಲು ಬಿದ್ದರೆ ಅದರೊಂದಿಗೆ ಹತ್ತೊಂಬತ್ತು ಗೆರೆಗಳು ಅನುಮಾನಕ್ಕೆ ಬೀಳುತ್ತವೆ. ಯಾರೋ ಬಿದ್ದ ಕಲ್ಲನ್ನು ಒಳ್ಳೆಯ ಮನಸ್ಸಿನಿಂದಲೇ ಎತ್ತಿ ಒಂದು ಮಾರು ಆಚೆ ನಿಲ್ಲಿಸಿದರೆ ಹತ್ತೊಂಬತ್ತು ಸುಳ್ಳು ಗೆರೆಗಳು ಹುಟ್ಟುತ್ತವೆ. ನಿಲುವುಗಲ್ಲಿನ ನೆಲೆಯಲ್ಲಿ ಸ್ಥಾನವೇ ಸಾಕ್ಷ್ಯ.

ಉತ್ತರ ಕರ್ನಾಟಕದಲ್ಲಿ ಈ ಮಾತು ಇನ್ನೂ ದೊಡ್ಡ ಪ್ರಮಾಣದಲ್ಲಿ ನಿಜ. ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಕೆತ್ತದ ದುಂಡುಬಂಡೆಗಳನ್ನು ಸಮ ಅಂತರದ ಸಾಲುಗಳಲ್ಲಿ ಹಾಸಂಗಿ ಚೌಕಗಳಂತೆ ಹರಡಿದ್ದಾರೆ. ಅದೇ ಜಿಲ್ಲೆಯ ಹನಮಸಾಗರದಲ್ಲಿ ಸುಮಾರು 2500 ಕಲ್ಲುಗಳು, ಒಂದೊಂದು ಒಂದರಿಂದ ಎರಡೂವರೆ ಮೀಟರ್ ಎತ್ತರ. ಚೌಕದ ಬದಿ ಸುಮಾರು 600 ಮೀಟರ್. ಇದು ಕೊಪ್ಪಳ ಜಿಲ್ಲೆಯ ಹನುಮಸಾಗರ ಅಲ್ಲ. ಇಂಥ ಶಿಲಾಸಾಲುಗಳ ಬಗ್ಗೆ ರೇಮಂಡ್ ಆಲ್ಚಿನ್ 1956ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು; ಆಮೇಲೆ ಸುರಪುರ ಸೀಮೆಯ ಪ್ರಾಗಿತಿಹಾಸದ ಬಗ್ಗೆ ಜೀವಮಾನವಿಡೀ ದುಡಿದ ಕೆ. ಪದ್ದಯ್ಯ ಹನಮಸಾಗರದ ಬಗ್ಗೆ ಬರೆದರು. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಸಾಲುಗಳ ದಿಕ್ಕು ಮತ್ತು ಸೂರ್ಯನ ಗತಿಯ ಸಂಬಂಧವನ್ನು ಪರಿಶೀಲಿಸಿದರು. ಸಮಾಧಿಯ ಯಾವ ಕುರುಹೂ ಸ್ಪಷ್ಟವಾಗಿ ಕಾಣದ ಈ ಸಾಲುಗಳಲ್ಲಿ ಒಂದು ಕಲ್ಲಿಗೆ ಒಂದೇ ಆಗಿ ಯಾವ ಅರ್ಥವೂ ಇಲ್ಲ. ಹೊಲ ಉಳುವವನ ಕಣ್ಣಿಗೆ ಅದು ನೇಗಿಲಿಗೆ ಅಡ್ಡ ಬರುವ ಬಂಡೆ. ಅದನ್ನು ಬದುವಿಗೆ ಉರುಳಿಸಿದಾಗ ಊರಿನಲ್ಲಿ ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ, ಆದರೆ ಜಾಲರಿಯಲ್ಲಿ ಒಂದು ತೂತು ಬಿದ್ದಿರುತ್ತದೆ.

ಮತ್ತೆ ಕರಾವಳಿಗೆ ಬಂದರೆ, ಕನ್ಯಾನ, ವಿಟ್ಲ, ಮಂಜೇಶ್ವರಗಳ ಸುತ್ತಿನ ನೆಲ ಬೇರೆ ಬಗೆಯದು. ಇದು ಮುರಕಲ್ಲಿನ ಪದವುಗಳ ನಾಡು. ಮುರಕಲ್ಲು ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅದರಿಂದ ತೆಳುವಾದ ದೊಡ್ಡ ಚಪ್ಪಡಿ ಎಬ್ಬಿಸಲು ಬರುವುದಿಲ್ಲ, ಆದರೆ ಕೊರೆಯಲು ಸುಲಭ. ಹಾಗಾಗಿ ಮುರಕಲ್ಲಿನ ನಾಡಿನಲ್ಲಿ ಬೃಹತ್ ಶಿಲಾಯುಗದವರು ನೆಲದೊಳಕ್ಕೇ ಗವಿ ಕೊರೆದು ಸಮಾಧಿ ಮಾಡಿದರು. ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿ ಇಂಥ ಗವಿಗಳು ಹೇರಳವಾಗಿ ಸಿಕ್ಕಿವೆ: ಮೇಲೆ ಗುಮ್ಮಟದಂಥ ಚಾವಣಿ, ನೆತ್ತಿಯಲ್ಲಿ ದುಂಡನೆಯ ತೂತು, ಪಕ್ಕದಲ್ಲಿ ಮೆಟ್ಟಿಲಿಳಿದು ಹೋಗುವ ಚಿಕ್ಕ ಬಾಗಿಲು, ಒಳಗೆ ಮಡಕೆಗಳು. ಇನ್ನೂ ದಕ್ಷಿಣಕ್ಕೆ ಹೋದರೆ ತ್ರಿಶ್ಶೂರಿನ ಕಡೆ ಮುರಕಲ್ಲಿನಲ್ಲೇ ಮಾಡಿದ ಕೊಡೆಕಲ್ಲು, ಟೊಪ್ಪಿಕಲ್ಲುಗಳಿವೆ. ಈ ಸಮಾಧಿಗಳ ಮಡಕೆಗಳಿಗೆ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಆವಿಗೆಯಲ್ಲಿ ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ತಾಗಿದ ಹೊರಭಾಗ ಕೆಂಪಾಗುತ್ತದೆ. ಮೂಡುಕೊಣಾಜೆ, ನಿಲಸ್ಕಲ್, ಬ್ರಹ್ಮಗಿರಿ, ಕಾಸರಗೋಡುಗಳಲ್ಲಿ ಸಮಾಧಿಯ ರೂಪ ಬೇರೆ ಬೇರೆ ಇದ್ದರೂ ಅವೆಲ್ಲವನ್ನೂ ಒಂದೇ ಸಂಸ್ಕೃತಿಯ ವ್ಯಾಪ್ತಿಯಲ್ಲಿಟ್ಟು ನೋಡಲು ಸಾಧ್ಯವಾಗಿರುವುದು ಹೆಚ್ಚಾಗಿ ಈ ಮಡಕೆ ಮತ್ತು ಕಬ್ಬಿಣದ ಬಲದಿಂದ. ರೂಪವನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಕಾಲಡಿಯ ಕಲ್ಲು.

ತುಳುನಾಡಿನಲ್ಲಿ ಕಲ್ಲು ನಿಲ್ಲಿಸುವ ಪದ್ಧತಿ ಆ ಕಾಲಕ್ಕೇ ಮುಗಿಯಲಿಲ್ಲ. ಬನದಲ್ಲಿ ನಾಗನ ಕಲ್ಲು, ಮರದ ಬುಡದಲ್ಲಿ ಕೆತ್ತನೆಯಿಲ್ಲದ ಗುಳಿಗನ ಕಲ್ಲು, ಊರ ಗಡಿಯಲ್ಲಿ ಮುದ್ರೆಗಲ್ಲು, ದೇವಸ್ಥಾನದ ಅಂಗಳದಲ್ಲಿ ಶಾಸನದ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ಎಲ್ಲವೂ ಇಲ್ಲಿವೆ. ಹಳೆಯ ನಿಲುವುಗಲ್ಲನ್ನು ಇವುಗಳಿಂದ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಕೆತ್ತನೆ, ಅಕ್ಷರ, ಉಳಿಯ ಗುರುತು ಇದ್ದರೆ ಕಲ್ಲು ಈಚಿನದು. ಅವೊಂದೂ ಇಲ್ಲದಿದ್ದರೆ ಸುತ್ತಲಿನ ನೆಲ ನೋಡಬೇಕು: ಕಪ್ಪು-ಕೆಂಪು ಮಡಕೆಯ ಚೂರುಗಳು, ದುಂಡಗೆ ಜೋಡಿಸಿದ ಗುಂಡುಗಳು, ಹತ್ತಿರದಲ್ಲಿ ಬೇರೆ ಕಲ್ಮನೆಯ ಚಪ್ಪಡಿ. ಪೂಜೆ ಸಲ್ಲುತ್ತಿರುವ ಕಲ್ಲಾದರೆ ಪೂಜೆ ನಡೆಸುವ ಮನೆತನದವರನ್ನು ಕೇಳದೆ ಹತ್ತಿರ ಹೋಗುವಂತಿಲ್ಲ. ಕೇಳಿದರೆ ಕಲ್ಲಿನ ಬಗ್ಗೆ ಪುಸ್ತಕಗಳಲ್ಲಿಲ್ಲದ ವಿವರ ಅವರಿಂದಲೇ ಸಿಗುತ್ತದೆ.

ಈ ನೆಲೆಗಳು ಹಾಳಾಗುವ ಬಗೆಗಳಲ್ಲಿ ನಿಧಿಯಾಸೆ ಮೊದಲನೆಯದು. ಕಲ್ಮನೆಯ ಕೆಳಗೆ ಕೊಪ್ಪರಿಗೆ ಹೊನ್ನಿದೆ ಎಂಬ ನಂಬಿಕೆ ಪಾಂಡವರ ಭಯವನ್ನು ಮೀರಿ ಬೆಳೆದಿದೆ. ರಾತ್ರಿ ಅಗೆಯುವವರು ಮುಚ್ಚುಗಲ್ಲು ಸರಿಸಿ, ಮಡಕೆ ಒಡೆದು, ಮಣ್ಣು ಹೊರಚೆಲ್ಲಿ ಹೋಗುತ್ತಾರೆ. ಎರಡು ಶತಮಾನಗಳಿಂದ ಅಗೆದ ನೂರಾರು ಸಮಾಧಿಗಳ ಸರಕು ಮಡಕೆ, ಕಬ್ಬಿಣದ ಕುಡುಗೋಲು, ಬಾಣದ ಮೊನೆ, ಮಣಿಗಳೇ. ಚಿನ್ನ ಸಿಕ್ಕಿದರೂ ಸಣ್ಣ ಆಭರಣದ ರೂಪದಲ್ಲಿ, ಅದೂ ಬಲು ಅಪರೂಪಕ್ಕೆ. ಎರಡನೆಯದು ಕೋರೆ. ಕಲ್ಮನೆಯ ಕಾಲಕ್ಕೆ ಒಳ್ಳೆಯ ಚಪ್ಪಡಿ ಕೊಟ್ಟ ಗುಡ್ಡವೇ ಇಂದಿನ ಜಲ್ಲಿ ಕೋರೆಗೂ ಒಳ್ಳೆಯದು. ಗವಿ ಕೊರೆಯಲು ಹದವಾಗಿದ್ದ ಪದವೇ ಕೆಂಪುಕಲ್ಲಿನ ಕೋರೆಗೂ ಹದ. ಮೂರನೆಯದು ತೋಟ. ಗುಡ್ಡವನ್ನು ಜೆಸಿಬಿಯಿಂದ ತಟ್ಟು ಮಾಡಿ ರಬ್ಬರ್, ಅಡಿಕೆ ಹಾಕುವಾಗ ಅರ್ಧ ದಿನದಲ್ಲಿ ಆಗುವ ಬದಲಾವಣೆ ಹಿಂದೆ ನೂರು ವರ್ಷದಲ್ಲೂ ಆಗುತ್ತಿರಲಿಲ್ಲ. ಇದರಲ್ಲಿ ಕೃಷಿಕರ ತಪ್ಪು ಹುಡುಕುವುದು ನ್ಯಾಯವಲ್ಲ. ತಮ್ಮ ಜಾಗದಲ್ಲಿರುವುದು ಏನೆಂದು ಅವರಿಗೆ ಯಾರೂ ಬಂದು ಹೇಳಿರುವುದಿಲ್ಲ.

ಕಾನೂನುಗಳಿವೆ. 1958ರ ಕೇಂದ್ರ ಕಾಯ್ದೆ ಮತ್ತು 1961ರ ಕರ್ನಾಟಕದ ಕಾಯ್ದೆ ಪ್ರಾಚೀನ ಸ್ಮಾರಕಗಳಿಗೂ ಪುರಾತತ್ವ ನೆಲೆಗಳಿಗೂ ರಕ್ಷಣೆ ಕೊಡುತ್ತವೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಹೇಳುವ ಕಾಯ್ದೆಯೂ ಇದೆ. ವಿಭೂತಿಹಳ್ಳಿ, ರಾಜನಕೋಳೂರು, ಹಿರೇಬೆಣಕಲ್ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಸುಮಾರು 400 ಸಮಾಧಿಗಳಿರುವ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನೂ ಸೇರಿತು. ಆದರೆ ರಕ್ಷಣೆ ಅಧಿಸೂಚನೆಯಾದ ನೆಲೆಗಷ್ಟೇ ಸಿಗುತ್ತದೆ. ಸರ್ವೆ ನಂಬರು, ಗಡಿ, ನಕ್ಷೆ ಇಲ್ಲದೆ ಅಧಿಸೂಚನೆಯಿಲ್ಲ. ಚಿಕ್ಕ ನೆಲೆಗಳು ಹೆಚ್ಚಾಗಿ ಈ ಮೊದಲ ಮೆಟ್ಟಿಲಲ್ಲೇ ಉಳಿಯುತ್ತವೆ. ಗಡಿ ಗುರುತಿಸುವಾಗ ಬರಿಯ ಕಲ್ಲನ್ನಲ್ಲದೆ ಅದರ ಸುತ್ತಲಿನ ಮಣ್ಣನ್ನೂ, ನಿಲುವುಗಲ್ಲಾದರೆ ಅದರಿಂದ ದಿಗಂತಕ್ಕೆ ಹೋಗುವ ನೋಟವನ್ನೂ ಒಳಗೊಳ್ಳಬೇಕು. ಬೇಲಿ ಹಾಕಿ ಒಳಗೆ ಕಾಂಕ್ರೀಟು ಹಾಸಿದರೆ ಕಲ್ಲು ಉಳಿದೀತು, ನೆಲೆ ಉಳಿಯುವುದಿಲ್ಲ.

ಇಂಥ ನೆಲೆಯನ್ನು ನೋಡಲು ಹೊತ್ತು ಗೊತ್ತು ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂಡುಕೊಣಾಜೆಯಂಥ ಗುಡ್ಡಗಳಲ್ಲಿ ಹುಲ್ಲು, ಪೊದೆ ಕಲ್ಲನ್ನು ಮುಚ್ಚಿರುತ್ತವೆ, ಪಾದೆ ಹಾವಸೆ ಕಟ್ಟಿ ಜಾರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹುಲ್ಲು ಒಣಗಿ ಚಪ್ಪಡಿಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನೆಲದ ಸಣ್ಣ ಏರಿಳಿತಗಳೂ ಎದ್ದು ತೋರುತ್ತವೆ, ಕುಸಿದ ಕಲ್ಮನೆಯ ಚೌಕವನ್ನು ಗುರುತಿಸಲು ಆ ಹೊತ್ತೇ ಸರಿ. ಕಿಂಡಿಯ ಕಲ್ಲು ಯಾವ ದಿಕ್ಕಿಗಿದೆ, ಚಪ್ಪಡಿಗಳು ಯಾವ ಸುತ್ತಿನಲ್ಲಿ ಆತುಕೊಂಡಿವೆ, ಮುಚ್ಚುಗಲ್ಲು ಎತ್ತ ಜಾರಿದೆ ಎಂದು ನೋಡಿದರೆ ಕುಸಿದ ಕಟ್ಟಡದ ಮೂಲರೂಪವನ್ನು ಮನಸ್ಸಿನಲ್ಲೇ ಮರಳಿ ಕಟ್ಟಬಹುದು. ಮೇಲೆ ಸಿಕ್ಕ ಮಡಕೆಚೂರನ್ನು ಎತ್ತಿಕೊಂಡು ಹೋಗಬಾರದು. ಇದ್ದಲ್ಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಫೋನಿನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಂಡರೆ ಸಾಕು. ಕಲ್ಲಿನ ಮೇಲೆ ಸುಣ್ಣ, ಬಣ್ಣ, ಹೆಸರು ಬರೆಯುವುದು, ಹಾವಸೆ ಕೆರೆಯುವುದು, ಬಿದ್ದ ಚಪ್ಪಡಿಯನ್ನು ಎತ್ತಿ ನಿಲ್ಲಿಸುವುದು ಒಳ್ಳೆಯ ಉದ್ದೇಶದಿಂದ ಮಾಡಿದರೂ ಕೆಡುಕೇ. ಜಾಗದ ಒಡೆಯರ ಒಪ್ಪಿಗೆ ಪಡೆದೇ ಒಳಹೋಗಬೇಕು. ಸ್ಥಾನ, ಫೋಟೋ, ಗೊತ್ತಾದರೆ ಸರ್ವೆ ನಂಬರು, ಊರವರು ಆ ಕಲ್ಲಿಗೆ ಹೇಳುವ ಹೆಸರು, ಈ ನಾಲ್ಕನ್ನು ಒಂದು ಅರ್ಜಿಯಲ್ಲಿ ಬರೆದು ಗ್ರಾಮ ಪಂಚಾಯತಿಗೂ ರಾಜ್ಯ ಪುರಾತತ್ವ ಇಲಾಖೆಗೂ ಕಳಿಸಿದರೆ ಸಮೀಕ್ಷೆಗೆ ಬರುವವರಿಗೆ ಬೇಕಾದ ಮೊದಲ ದಾಖಲೆ ಸಿದ್ಧವಾಗುತ್ತದೆ.